ಒಂದು ಬೆರಳು ಮುಂದೆ ಓದುತ್ತಿದ್ದ ವೈನಿ

ರೋಣದ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ನನ್ನ ಅಧಿಕಾರವ್ಯಾಪ್ತಿ ಬಹಳ ಕುಗ್ಗಿತು. ಮನೆಯಲ್ಲಿ ನನ್ನ ಆದೇಶಗಳು ಮೊದಲಿನಿಂದಲೂ ಜಾರಿಯಾದವಲ್ಲ. ಓಣಿಯ ನಾಯಿಗಳು ಯಾವ ಸಮನ್ಸಿಗೂ ಹಾಜರಾಗುವುದಿಲ್ಲ. ಉಳಿದದ್ದು ಭಾನುವಾರ ಮಧ್ಯಾಹ್ನದ ನಮ್ಮ ಬೈಠಕ್ಕು ಒಂದೇ. ಅಲ್ಲಿ ನಾಲ್ಕು ಜನ ಕೂತು, ಅವರವರು ಓದುತ್ತಿರುವ ಕಾದಂಬರಿಯ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದೆವು. ಯಾರ ಸರದಿ ಮುಗಿಯಿತು, ಯಾರದು ಶುರುವಾಗಬೇಕು ಎಂದು ಕೂಗುವ ಹಕ್ಕು ನನ್ನದು. ಸರಕಾರ ಕೊಟ್ಟ ಪಿಂಚಣಿಗಿಂತ ಅದನ್ನು ನಾನು ಹೆಚ್ಚು ಜೋಪಾನ ಮಾಡಿಕೊಂಡಿದ್ದೆ.

ಬೈಠಕ್ಕು ಕೂಡುತ್ತಿದ್ದದ್ದು ಪೇಟೆಯ ಒಂದು ಅಡತಿ ಅಂಗಡಿಯಲ್ಲಿ. ರೈತರು ತಂದ ಕಡಲೆ, ಹೆಸರು, ಗೋವಿನಜೋಳವನ್ನು ಇಳಿಸಿಕೊಂಡು ಮಾರಿಸಿಕೊಡುವ ಹಳೆಯ ಮನೆತನ ಅದು. ಅಂಗಡಿಯ ಯಜಮಾನರನ್ನು ನಾವು ಸಾವ್ಕಾರರು ಎನ್ನುತ್ತಿದ್ದೆವು. ಭಾನುವಾರ ಪೇಟೆ ಬಂದಾದ್ದರಿಂದ, ಚೀಲಗಳ ನಡುವೆ ಜಮಖಾನೆ ಹಾಸಿ ಸಾಹಿತ್ಯಕ್ಕೆ ಜಾಗ ಮಾಡಿಕೊಡುತ್ತಿದ್ದರು. ಮೂರನೆಯವರು ನರಗುಂದದಿಂದ ಬಸ್ಸಿಗೆ ಬರುವ ನಿವೃತ್ತ ಮಾಸ್ತರರು. ನಾಲ್ಕನೆಯವರು ಗಜೇಂದ್ರಗಡದ ಒಬ್ಬ ನೇಕಾರರು. ಕೈಮಗ್ಗದ ಸೀರೆ ಕೊಡಲು ಬಂದವರು ಒಂದು ಭಾನುವಾರ ನಮ್ಮ ಜಗಳ ಕೇಳಿ ಹೊಸ್ತಿಲಲ್ಲಿ ನಿಂತರು, ಮುಂದಿನ ವಾರ ಪುಸ್ತಕ ಹಿಡಿದುಕೊಂಡೇ ಬಂದರು. ಅವರ ವಿಮರ್ಶೆ ಎಲ್ಲಾ ಮಗ್ಗದ ಮೇಲೆಯೇ, ಹಾಸೆಂಬ ಉದ್ದನೂಲು, ಹೊಕ್ಕೆಂಬ ಅಡ್ಡನೂಲಿನ ಲೆಕ್ಕದಲ್ಲೇ ನಡೆಯುವುದು. "ಹಾಸು ಬಿಗಿ ಐತ್ರಿ, ಹೊಕ್ಕು ಸಡ್ಲ. ಅಂಗಡ್ಯಾಗ ಚಂದ ಕಾಣ್ತೈತಿ, ಒಮ್ಮಿ ಒಗದ್ರ ಜಾಳಾಗ್ತೈತಿ." ಇದಕ್ಕಿಂತ ಕರಾರುವಾಕ್ಕಾದ ತೀರ್ಪನ್ನು ನಾನು ಕೋರ್ಟಿನಲ್ಲೂ ಬರೆದುಕೊಂಡಿರಲಿಲ್ಲ.

ನಮ್ಮ ಬೈಠಕ್ಕಿಗೆ ಒಂದು ಸಂವಿಧಾನವಿತ್ತು. ಕೈಯಲ್ಲಿರುವ ಕಾದಂಬರಿಯ ಬಗ್ಗೆ, ತಾನು ಓದಿದಷ್ಟರ ಬಗ್ಗೆ ಮಾತ್ರ ಮಾತಾಡಬೇಕು. ಅದೇ ಕಾದಂಬರಿಯನ್ನು ಯಾರಾದರೂ ಮೊದಲೇ ಓದಿ ಮುಗಿಸಿದ್ದರೆ ಅವರು ತುಟಿ ಬಿಚ್ಚಕೂಡದು. ತಲೆ ಅಲ್ಲಾಡಿಸುವುದು, ನಗುವುದು, ಉಸಿರು ಬಿಡುವುದು ಸಹ ನಿಷಿದ್ಧ. ಈ ಕಾಯ್ದೆಗೆ ಕಾರಣರು ಮಾಸ್ತರರೇ. ಶುರುವಿನ ದಿನಗಳಲ್ಲಿ, ನೇಕಾರರು ಆಸೆಯಿಂದ ಓದುತ್ತಿದ್ದ ಒಂದು ಕಾದಂಬರಿಯ ನಾಯಕ ಕೊನೆಗೆ ಸಾಯುತ್ತಾನೆಂದು ಅವರು ಚಹಾ ಹೀರುತ್ತ ಹೇಳಿಬಿಟ್ಟರು. ಮನೆಯಲ್ಲೇ ಯಾರೋ ತೀರಿಕೊಂಡ ಹಾಗೆ ನೇಕಾರರು ಎದ್ದು ಹೋದರು. ಅವರನ್ನು ಸಮಾಧಾನ ಮಾಡಿ ಕರೆತರಲು ಗಜೇಂದ್ರಗಡಕ್ಕೆ ನಿಯೋಗ ಹೋಗಬೇಕಾಯಿತು. ಹೋಗಿ ಬಂದ ಮೇಲೆ ಕಾಯ್ದೆ ಪಾಸಾಯಿತು. ಮಾಸ್ತರರು ಅದನ್ನು ಪ್ರಾಯಶ್ಚಿತ್ತದಂತೆ ಪಾಲಿಸತೊಡಗಿದರು.

ಮಂದಿ ನಾಲ್ಕಾದರೂ ಅಭಿಪ್ರಾಯ ಐದು ಬರುತ್ತಿದ್ದವು. ಐದನೆಯದು ಸಾವ್ಕಾರರ ಹೆಂಡತಿಯದು. ನಮಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. ಮನೆ ಅಂಗಡಿಯ ಹಿಂದೆಯೇ. ಚಹಾ ತಂದುಕೊಟ್ಟಾಗ ಪ್ರತಿ ಸಲ ನಾವು ಕೂಡಲು ಹೇಳುತ್ತಿದ್ದೆವು. "ನಾ ಕುಂತ್ರ ನಿಮ್ಮ ಮಾತು ಮೆತ್ತಗಾಗ್ತಾವು. ನಿಮ್ಮ ಪಾಡಿಗೆ ನೀವು ಹೊಡದಾಡ್ರಿ," ಎಂದು ಒಳಗೆ ಹೋಗುವರು. ಆಮೇಲೆ ಸಾವ್ಕಾರರು ತಮ್ಮ ಅಭಿಪ್ರಾಯವನ್ನು ಬೇಗ ಬೇಗ ಮುಗಿಸಿ, ಗಂಟಲು ಸರಿಮಾಡಿಕೊಂಡು, ಒಳ್ಳೆಯ ಮಾಲನ್ನು ಕೊನೆಗೆ ಹರಾಜಿನ ಸವಾಲಿಗೆ ಇಡುವವರಂತೆ ಶುರುಮಾಡುವರು: "ಇನ್ನ ನಮ್ಮಾಕಿ ಏನಂತಾಳಂದ್ರ..."

ಖರೇ ಹೇಳಬೇಕೆಂದರೆ ನಾವು ಕಾಯುತ್ತಿದ್ದದ್ದು ಅದಕ್ಕೇ. ಮಾಸ್ತರರು ಜಮಖಾನೆಯ ಮೇಲೆ ಕೂರುವ ಮೊದಲೇ ಕೇಳುವರು: "ಈ ವಾರ ವೈನಿಯವರು ಏನಂದ್ರು?"

ಗಂಡ ಹೆಂಡತಿ ಒಂದೇ ಪುಸ್ತಕ ಓದುತ್ತಿದ್ದರು. ಲೈಬ್ರರಿಯಲ್ಲಿ ಇರುವುದು ಒಂದೇ ಪ್ರತಿ. ಸಾವ್ಕಾರರು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ವೈನಿ ಮಧ್ಯಾಹ್ನ ಅಡಿಗೆಮನೆಯ ಕೆಲಸ ತೀರಿದ ಮೇಲೆ. ಪುಟದ ಗುರುತಿಗೆ ನೇಕಾರರು ಇಬ್ಬರಿಗೂ ಒಂದೊಂದು ನೂಲು ಕೊಟ್ಟಿದ್ದರು. ವೈನಿಗೆ ಕೆಂಪು, ಸಾವ್ಕಾರರಿಗೆ ಬಿಳಿ. ಕೆಂಪು ನೂಲು ಯಾವಾಗಲೂ ಬಿಳಿಯದಕ್ಕಿಂತ ಒಂದು ಬೆರಳು ದಪ್ಪದಷ್ಟು ಮುಂದೆ ಇರುತ್ತಿತ್ತು. ವೈನಿ ನಮ್ಮ ಕಾಯ್ದೆಯನ್ನು ನಮಗಿಂತ ಕಟ್ಟುನಿಟ್ಟಾಗಿ ನಡೆಸುವವರು. ಗಂಡನಿಗೆ ಕತೆ ಹೇಳುತ್ತಿರಲಿಲ್ಲ, ಅಭಿಪ್ರಾಯ ಮಾತ್ರ. ಒಂದು ವಾರ ಬಿಟ್ಟು ಸಾವ್ಕಾರರು ಆ ಪುಟಕ್ಕೆ ಬಂದಾಗ ಅಲ್ಲಿ ಏನಾಗಿದೆ ಎಂದು ತಿಳಿದು, "ಖರೇ ಹೇಳಿದ್ಲಲ್ರಿ ನಮ್ಮಾಕಿ!" ಎಂದು ನಮಗೆ ವರದಿ ಮಾಡುವರು.

ಕಳೆದ ವರ್ಷ ಚಳಿಗಾಲದಲ್ಲಿ ಅವರು ಹಿಡಿದದ್ದು ಒಂದು ದಪ್ಪ ಕಾದಂಬರಿ. ಕೋಟೆ ಇರುವ ಒಂದು ಊರಿನ ಒಂದು ಮನೆ, ಆ ಮನೆಯ ಇಬ್ಬರು ಸೊಸೆಯರು, ಅವರ ನಡುವಿನ ಮಾತಿಲ್ಲದ ಜಗಳ. ನಾನೂ ನೇಕಾರರೂ ಅದನ್ನು ಓದಿರಲಿಲ್ಲ. ಮಾಸ್ತರರು ನರಗುಂದದಲ್ಲಿ ಓದಿ ಮುಗಿಸಿದ್ದರು. ಹಾಗಾಗಿ ಆ ಪುಸ್ತಕದ ಮಟ್ಟಿಗೆ ಅವರ ಬಾಯಿ ಬಂದ್.

ಮೊದಮೊದಲು ವೈನಿಯ ಅಭಿಪ್ರಾಯಗಳು ಎಂದಿನಂತೆ ಚುರುಕಾಗಿದ್ದವು. "ದೊಡ್ಡ ಸೊಸಿ ಮಾತಾಡೂದಿಲ್ಲ ಅಂತ ಬರದವರು ಆಕೀನ್ನ ಭಾಳ ಸಾಧು ಅಂತ ತಿಳ್ಕೊಂಡಾರಂತ. ಆಕಿ ಮಾತಾಡದನ ಮನೀ ಎಲ್ಲಾ ಕೈಯಾಗ ಇಟ್ಕೊಂಡಾಳ. ಬರದವರಿಗೆ ತಮ್ಮ ಮನ್ಯಾಗ ಏನ್ ನಡೀತೈತಿ ಅನ್ನೂದೂ ಗೊತ್ತಿರಾಕಿಲ್ಲ, ಅಂತಾಳ." ನಾವು ನಕ್ಕೆವು. ಒಬ್ಬೊಬ್ಬರೂ ನಮ್ಮ ನಮ್ಮ ಮನೆಯನ್ನೂ ನೆನೆದುಕೊಂಡೆವು.

ಸಂಕ್ರಾಂತಿ ಕಳೆದ ಮೇಲೆ ವೈನಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನೋವು, ಕೆಲವು ದಿನ ವಾಂತಿ. ಪಿತ್ತ ಎಂದರು, ಬಿಸಿಲು ಎಂದರು. ಶುಂಠಿ, ಲಿಂಬೆಹಣ್ಣು, ಮೆಡಿಕಲ್ ಶಾಪಿನ ಗುಳಿಗೆ, ಎಲ್ಲ ಆಯಿತು. ಓದು ಮಾತ್ರ ನಿಲ್ಲಲಿಲ್ಲ. ಆ ದಿನಗಳಲ್ಲೇ ಒಂದು ಭಾನುವಾರ ಸಾವ್ಕಾರರು ಹೊಳೆಯ ಸುದ್ದಿ ತಂದರು.

"ಇನ್ನ ನಮ್ಮಾಕಿ ಏನಂತಾಳಂದ್ರ, ಆ ಸಣ್ಣ ಸೊಸಿ ಮಾಡಿದ್ದು ನಿಮಗ್ಯಾರಿಗೂ ತಿಳಿಯೂದಿಲ್ಲ ಅಂತಾಳ. ಹೊಳಿ ಏರಾಕತ್ತೈತಿ. ಪೂಲಿನ ಮ್ಯಾಲ ನೀರು ಬರಾಕತ್ತೈತಿ. ಗಂಡ ಆಚಿ ದಂಡಿ ಸಂತಿಗೆ ಹೋಗ್ಯಾನ. ಈಕಿ ಈಚಿ ದಂಡಿಗೆ ನಿಂತು ನೋಡಾಕತ್ತಾಳ, ಯಾರಿಗೂ ಹೇಳವಲ್ಲಳು. ಹೇಳಿದ್ರ ಸಂತಿಗೆ ಹೋದವರು ಗಾಬರಿಯಾಗಿ ಮಾಲು ಅಲ್ಲೇ ಬಿಟ್ಟು ಓಡಿ ಬರ್ತಾರ ಅಂತ. ಅದು ಸಮ ಐತಿ ಅಂತಾಳ ನಮ್ಮಾಕಿ."

"ಈ ಸಲ ಕತೀನ ಹೇಳಿದ್ರಲ್ರಿ ವೈನಿ! ಕಾಯ್ದಾ ಮುರದಂಗಾತು," ಎಂದೆ ನಾನು, ನ್ಯಾಯಪೀಠದಿಂದ.

"ಅಭಿಪ್ರಾಯ ಹೇಳಾಕ ಅಷ್ಟರ ಕತಿ ಬೇಕಲ್ರಿ," ಎಂದರು ಸಾವ್ಕಾರರು. "ಆದ್ರ ನಾ ಒಪ್ಪೂದಿಲ್ಲ. ಶುದ್ಧ ಮೂರ್ಖತನ. ನೀರು ಏರೂದನ್ನ ಯಾರರ ಮುಚ್ಚಿಡ್ತಾರ?"

ನೇಕಾರರು ತಲೆದೂಗಿ, "ಇಲ್ಲಿಂದ ಹೊಕ್ಕು ಬಿಗಿಯಾತು ನೋಡ್ರಿ," ಎಂದರು. ಮಾಸ್ತರರು ಚಹಾದ ಕಪ್ಪಿನೊಳಗೆ ನೋಡುತ್ತ ಕೂತಿದ್ದರು. ಓದಿ ಮುಗಿಸಿದವರು, ಹೇಳುವಂತಿರಲಿಲ್ಲ.

ಅದೇ ವಾರ ಸಾವ್ಕಾರರು ವೈನಿಯನ್ನು ಗದಗಿಗೆ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೊರಟರು. ನನಗೂ ಬಿ.ಪಿ. ತೋರಿಸುವುದಿತ್ತು, ಜೊತೆಗೆ ಹೋದೆ. ಬಸ್ಸಿನಲ್ಲಿ ವೈನಿ ಕಿಡಕಿಯ ಹತ್ತಿರ, ಪಕ್ಕದಲ್ಲಿ ಸಾವ್ಕಾರರು, ಹಿಂದಿನ ಸೀಟಿನಲ್ಲಿ ನಾನು. ರೋಣದಿಂದ ಗದಗಿನವರೆಗೆ ಸಾವ್ಕಾರರು ಆ ಹೊಳೆಯ ದಂಡೆ ಬಿಡಲಿಲ್ಲ.

"ಅಲ್ಲ, ನೀನು ಕೊಣ್ಣೂರಾಕಿ," ಎಂದು ಹೆಂಡತಿಗೆ ಹೇಳಿದರು. ವೈನಿಯ ತವರು ಕೊಣ್ಣೂರು. ಮಲಪ್ರಭೆ ಹೆಚ್ಚು ಬಂದ ವರ್ಷ ಅಲ್ಲಿ ಪೂಲು, ಅಂದರೆ ಸೇತುವೆ, ಮುಳುಗುತ್ತದೆ. "ಹೊಳಿ ನೋಡಿದಾಕಿ ನೀ ಹಿಂಗ ಅಂದ್ರ ಹ್ಯಾಂಗ? ಆಕಿ ಒಂದು ಕೂಗು ಹಾಕಿದ್ರ ಆಗ್ತಿತ್ತಲ್ಲ."

ವೈನಿ ಕಿಡಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. "ಕೂಗಿದ್ರ ನೀರು ಇಳೀತಿತ್ತೇನ್ರಿ?"

"ನೀರು ಇಳೀತಿರಲಿಲ್ಲ. ಗಂಡಗ ಗೊತ್ತರ ಆಗ್ತಿತ್ತು."

"ಗೊತ್ತಾಗಿ ಏನ್ ಮಾಡ್ತಿದ್ದ? ಆಚಿ ದಂಡ್ಯಾಗ ನಿಂತು ಒದರ್ತಿದ್ದ. ಸುಮ್ನ ಅಂವಗೂ ಸಂಕಟ."

"ಶಿರಸ್ತೇದಾರ್ರ, ನೀವು ಹೇಳ್ರಿ ತೀರ್ಪು," ಎಂದು ಸಾವ್ಕಾರರು ಹಿಂದೆ ತಿರುಗಿದರು. ಪುಸ್ತಕ ಓದದೆ ತೀರ್ಪು ಕೊಡಲು ಬರುವುದಿಲ್ಲ ಎಂದು ನಾನು ಗಂಭೀರವಾಗಿ ತಾರೀಖು ಮುಂದೂಡಿದೆ. ಮೂವರೂ ನಕ್ಕೆವು.

ಡಾಕ್ಟರು ಹರೆಯದವರು, ಚಟುವಟಿಕೆಯ ಮನುಷ್ಯ. ನಮ್ಮ ಕಡೆ ದವಾಖಾನೆಯಲ್ಲಿ ಹೆಂಡತಿಯ ಬೇನೆಯನ್ನು ಗಂಡನೇ ಹೇಳುವುದು ರೂಢಿ. ಹೆಂಡತಿ ಪಕ್ಕದಲ್ಲಿ ಕೂತು, ತಪ್ಪಿದ್ದರೆ ಮನೆಗೆ ಹೋದ ಮೇಲೆ ತಿದ್ದುತ್ತಾಳೆ. ತಲೆನೋವು ಎಷ್ಟು ದಿನದಿಂದ, ವಾಂತಿ ಯಾವಾಗ ಎಂದೆಲ್ಲ ಕೇಳಿದ್ದಕ್ಕೆ ಸಾವ್ಕಾರರೇ ಉತ್ತರ ಕೊಟ್ಟರು. ಆಮೇಲೆ ಡಾಕ್ಟರು ವೈನಿಯ ಕಡೆ ನೋಡಿ, "ಕಣ್ಣು ಮಂಜ್ ಆಗ್ತಾವೇನ್ರಿ ಅಕ್ಕಾರ? ಅಕ್ಷರಾ ಸರಿ ಕಾಣ್ತಾವಲ್ಲ?" ಎಂದರು.

ವೈನಿ ಬಾಯಿ ತೆರೆದಿದ್ದರು. ಅದನ್ನು ನಾನು ನೋಡಿದ್ದೇನೆ. ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ.

"ಕಣ್ಣಾ?" ಎಂದರು ಸಾವ್ಕಾರರು. "ಡಾಕ್ಟರ್ ಸಾಹೇಬ್ರ, ಕಾದಂಬರಿ ಓದಾಕತ್ತಾಳ್ರಿ ಈಕಿ! ಇಷ್ಟು ದಪ್ಪಂದು. ನಾ ಚಷ್ಮಾ ಹಾಕ್ಕೊಂಡು ಓದ್ತೀನಿ, ಆದ್ರೂ ನನಗಿಂತ ಒಂದ್ ಬೆರಳು ಮುಂದ ಅದಾಳ." ಬೆರಳು ಎತ್ತಿ ತೋರಿಸಿದರು. ಡಾಕ್ಟರು ಬಾಯಿತುಂಬ ನಕ್ಕರು. "ಹಂಗಾರ ಕಣ್ಣಿನ ಚಿಂತಿ ಇಲ್ಲ ಬಿಡ್ರಿ. ನಾನ ಪುಸ್ತಕ ಹಿಡದು ಎಷ್ಟೋ ವರ್ಷಾದ್ವು." ನಾನೂ ನಕ್ಕೆ. ವೈನಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ತಲೆನೋವಿಗೆ, ಪಿತ್ತಕ್ಕೆ ಗುಳಿಗೆ ಬರೆದುಕೊಟ್ಟರು, ಕಡಿಮೆಯಾಗದಿದ್ದರೆ ಬನ್ನಿ ಎಂದರು. ಬರುವಾಗ ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿಂದು ಬಸ್ಸು ಹತ್ತಿದೆವು.

ಬೇಸಿಗೆಯುದ್ದಕ್ಕೂ ಹೊಳೆ ಏರುತ್ತಲೇ ಇತ್ತು. ಸುಗ್ಗಿಯ ಮಾಲು ಪೇಟೆಗೆ ಬರತೊಡಗಿ ಸಾವ್ಕಾರರ ಓದು ಅರ್ಧಕ್ಕೇ ನಿಂತಿತ್ತು, ಕೆಂಪು ನೂಲು ಮಾತ್ರ ಮುಂದೆ ಸರಿಯುತ್ತಿತ್ತು. ಒಂದು ಭಾನುವಾರ ನೀರು ಸಣ್ಣ ಸೊಸೆಯ ಪಾದಕ್ಕೆ ಬಂತು. ಇನ್ನೊಂದು ಭಾನುವಾರ, ಅವಳು ಹಿಂದಕ್ಕೆ ಸರಿಯುವುದಿಲ್ಲ ಯಾಕೆಂದರೆ ಹಿಂದೆ ಸರಿದರೆ ಮನೆಯವರು ಯಾಕೆ ಎಂದು ಕೇಳುತ್ತಾರೆ, ಎಂಬ ಅಭಿಪ್ರಾಯ ಬಂತು. ನಾವು ಅದರ ಮೇಲೆ ಒಂದು ಇಡೀ ಮಧ್ಯಾಹ್ನ ವಾದ ಮಾಡಿದೆವು. ನೇಕಾರರು ಸೊಸೆಯ ಪಕ್ಷ, ಸಾವ್ಕಾರರು ವಿರುದ್ಧ. ಕಾದಂಬರಿಕಾರರಿಗೆ ನೀರಿನ ಮೇಲೆ ಇಷ್ಟು ಮೋಹವೇಕೆ, ಇದು ಪುಟ ಹೆಚ್ಚಿಸುವ ಹುನ್ನಾರ ಎಂದು ನಾನು ಷರಾ ಬರೆದೆ. ಚಹಾ ಕೊಡಲು ಬಂದ ವೈನಿ ಅದನ್ನು ಕೇಳಿಸಿಕೊಂಡು ನಕ್ಕು, ಕಪ್ಪುಗಳ ತಾಟನ್ನು ನನ್ನ ಕೈ ಸಿಗುವಲ್ಲಿ ಇಡದೆ ಒಂದು ಗೇಣು ಈಚೆಗೆ, ಚೀಲದ ಅಂಚಿಗೆ ಇಟ್ಟರು. ತಾಟು ಉರುಳಿತು. "ಅಯ್ಯ ಶಿವನ, ಕೈ ನಡಗ್ತಾವು ನೋಡ್ರಿ, ವಯಸ್ಸಾತು," ಎಂದರು. ಕಡಲೆ ಚೀಲ ಚಹಾ ಕುಡಿಯಿತು ಎಂದು ನಾನು ಹಾಸ್ಯ ಮಾಡಿದೆ.

ಕಡೆಯ ಅಭಿಪ್ರಾಯ ಬಂದದ್ದು ಮುಂಗಾರಿನ ಮೊದಲ ವಾರಗಳಲ್ಲಿ. "ನೀರು ಸೊಂಟಕ್ಕ ಬಂದೈತಂತ್ರಿ. ಆಕಿ ಇನ್ನೂ ಕೂಗವಲ್ಲಳಂತ. ಮುಂದಿನ ವಾರ ನೋಡೂಣು ಅಂತಾಳ."

ಆ ಮುಂದಿನ ವಾರ ಬೈಠಕ್ಕು ಕೂಡಲಿಲ್ಲ. ವೈನಿ ಅಡಿಗೆಮನೆಯಲ್ಲಿ ಕುಸಿದು ಬಿದ್ದು, ಅವರನ್ನು ಹುಬ್ಬಳ್ಳಿಗೆ ಒಯ್ದಿದ್ದರು. ತಲೆಯಲ್ಲಿ ಗಡ್ಡೆ. ಅದು ಬಹಳ ದಿನಗಳಿಂದ ಬೆಳೆಯುತ್ತ ಬಂದದ್ದು. ಅಲ್ಲಿಯ ದೊಡ್ಡ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಇಷ್ಟು ಆಗಬೇಕಾದ್ರ ಮೊದಲ ಕಣ್ಣು ಹೋಗಿರಬೇಕಲ್ಲ. ನಿಮಗೆ ಗೊತ್ತಾಗಲಿಲ್ಲೇನು?" ಎಂದು ಕೇಳಿದರು. "ಇಲ್ರಿ, ಮೊನ್ನಿ ತನಕ ಪುಸ್ತಕ ಓದಾಕತ್ತಿದ್ಲು," ಎಂದರು ಸಾವ್ಕಾರರು. ಡಾಕ್ಟರು ಅವರನ್ನು ಒಂದು ಕ್ಷಣ ನೋಡಿ ಮುಂದಿನ ಹಾಸಿಗೆಗೆ ಹೋದರು. ವೈನಿಗೆ ಮತ್ತೆ ಎಚ್ಚರ ಬರಲಿಲ್ಲ. ಮೂರು ವಾರ ಕೂಡ ಆಗಲಿಲ್ಲ, ಶವವನ್ನು ರೋಣಕ್ಕೆ ತಂದೆವು.

ಬೈಠಕ್ಕು ಮತ್ತೆ ಕೂಡಿದ್ದು ಶ್ರಾವಣ ಮುಗಿದ ಮೇಲೆ, ಅದೂ ಸಾವ್ಕಾರರ ಒತ್ತಾಯಕ್ಕೆ. ಜಮಖಾನೆ ಹಾಸಿದ್ದರು. ಚಹಾ ಹೋಟೆಲಿನಿಂದ ಬಂತು. ನಾವು ಮೂವರು ನಮ್ಮ ಪುಸ್ತಕಗಳನ್ನು ತಂದಿದ್ದರೂ ಚೀಲದಿಂದ ಹೊರಗೆ ತೆಗೆದಿರಲಿಲ್ಲ. ಸಾವ್ಕಾರರು ತಮ್ಮದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎರಡೂ ನೂಲು ಇದ್ದವು. ಬಿಳಿಯದು ಅರ್ಧದಲ್ಲಿ, ಕೆಂಪು ಕೊನೆಯ ಹತ್ತಿರ.

"ಹುಬ್ಬಳ್ಳಿ ಡಾಕ್ಟರ್ ಅಂದದ್ದು ತಲಿಯಾಗ ಕುಂತೈತ್ರಿ," ಎಂದರು. "ಕಣ್ಣು ಹೋಗಿರಬೇಕು ಅಂದ. ಹೋಗಿದ್ರ ಆಕಿ ಹ್ಯಾಂಗ ಓದ್ತಿದ್ಲು? ಓದದ ಅಭಿಪ್ರಾಯ ಹ್ಯಾಂಗ ಹೇಳ್ತಿದ್ಲು? ನಾ ಈ ಪುಸ್ತಕ ಓದಿ ಮುಗಸ್ತೀನಿ. ಆಕಿ ಹೇಳಿದ್ದೆಲ್ಲಾ ಇದರಾಗ ಇತ್ತಂದ್ರ ಆಕಿಗೆ ಕಣ್ಣು ಕಾಣ್ತಿತ್ತು. ಗದಗಿನ್ಯಾಗ ನಾ ಹೇಳಿದ್ದು ಖರೇ ಇತ್ತು."

ನನಗೆ ಆಗ ತಿಳಿಯಿತು, ಅವರು ಓದುತ್ತಿರುವುದು ಕಾದಂಬರಿಯನ್ನಲ್ಲ. ಕೆಂಪು ನೂಲನ್ನು ತೋರಿಸಿ, "ಇಲ್ಲೀ ತನಕ ಬಂದಿದ್ಲು ನೋಡ್ರಿ," ಎಂದರು. ನೂಲು ಎಲ್ಲಿದೆ ಎಂಬುದು ನೂಲನ್ನು ಯಾರೋ ಅಲ್ಲಿ ಇಟ್ಟಿದ್ದಾರೆ ಎಂಬುದಕ್ಕೆ ಮಾತ್ರ ಸಾಕ್ಷಿ. ಇಷ್ಟು ವರ್ಷದ ನೌಕರಿ ನನಗೆ ಅದನ್ನು ಕಲಿಸಿತ್ತು. ಹೇಳಲಿಲ್ಲ.

ಅವರು ಬಹಳ ನಿಧಾನವಾಗಿ ಓದಿದರು. ವಾರ ವಾರ ವರದಿ ಕೊಟ್ಟರು. ದೊಡ್ಡ ಸೊಸೆ ಬಗ್ಗೆ ವೈನಿ ಹೇಳಿದ್ದು ಒಂದೊಂದಾಗಿ ಖರೇ ಆಗುತ್ತ ಬಂದದ್ದನ್ನು ಹಿಂದಿನ ಪುಟಗಳಿಂದ ತೆಗೆದು ತೋರಿಸಿದರು. ಅತ್ತೆ ಬೀಗದ ಕೈ ಬಿಟ್ಟುಕೊಟ್ಟ ಪ್ರಸಂಗ ಬಂತು. ಅದರ ಬಗ್ಗೆಯೂ ವೈನಿ ಹಿಂದೆ ಹೇಳಿದ್ದರು. ಸಾವ್ಕಾರರ ಮುಖದಲ್ಲಿ ಸ್ವಲ್ಪ ಕಳೆ ಕಂಡಿತು. "ಇನ್ನ ಹೊಳಿ ಬರ್ಬೇಕು," ಎಂದರು. ಮಾಸ್ತರರು ಆ ದಿನ ಚಹಾ ಕುಡಿಯದೆ, ತಲೆ ನೋಯುತ್ತದೆ ಎಂದು ಬೇಗ ನರಗುಂದದ ಬಸ್ಸು ಹಿಡಿದರು. ಮುಂದಿನ ಎರಡು ಭಾನುವಾರ ಬರಲೇ ಇಲ್ಲ.

ಅವರು ಬಂದ ದಿನ ಸಾವ್ಕಾರರ ತೊಡೆಯ ಮೇಲೆ ಪುಸ್ತಕ ಮುಚ್ಚಿಕೊಂಡಿತ್ತು. ಎರಡೂ ನೂಲುಗಳನ್ನು ತೆಗೆದು ರಟ್ಟಿನ ಮೇಲೆ ಇಟ್ಟಿದ್ದರು.

"ಹೊಳಿ ಬರಲಿಲ್ರಿ," ಎಂದರು.

ನೇಕಾರರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಮುಗಿಸಿದ್ನಿ. ಕಡೀ ಪುಟದ ತನಕ. ಆ ಊರಾಗ ಹೊಳೀನ ಇಲ್ಲ. ಪೂಲಿಲ್ಲ. ಸಣ್ಣ ಸೊಸಿ ನಡುವ ತವರಿಗೆ ಹೋದಾಕಿ ತಿರಗಿ ಬರೂದಿಲ್ಲ." ಮಾಸ್ತರರ ಕಡೆ ತಿರುಗಿದರು. "ನೀವು ಓದಿದ್ರಿ."

"ಓದಿದ್ದೆ."

"ನಾ ಇಲ್ಲಿ ಕುಂತು ಹೊಳಿ ಹೊಳಿ ಅಂತ ಒದರೂ ಮುಂದ ನಿಮಗ ಗೊತ್ತಿತ್ತು, ಅದು ಇದರಾಗ ಇಲ್ಲಂತ."

"ಗೊತ್ತಿತ್ತು." ಮಾಸ್ತರರ ಕೈ ಜಮಖಾನೆಯ ಗೊಂಡೆಯನ್ನು ತಿರುವುತ್ತಿತ್ತು. "ವೈನಿಯವರು ನಿಮ್ಮ ಚೇಷ್ಟಾ ಮಾಡ್ಲಿಕ್ಕತ್ತಾರ ಅಂದುಕೊಂಡೆ. ಗಂಡನ್ನ ಅಷ್ಟು ಚಂದ ಮೋಸ ಮಾಡ್ತಾರಲ್ಲ ಅಂತ ನನಗ ಒಳಗೊಳಗ ನಗಿ ಬರ್ತಿತ್ತು. ಅವರಾಗೇ ಒಂದಿನ ಹೇಳಿ ನಗಸ್ತಾರ, ನಾ ಯಾಕ ನಡುವ ಹೇಳಿ ಕೆಡಸಲಿ ಅಂತ... ಮುಗಿಸಿದವರು ಮಾತಾಡಬಾರದು ಅಂತ ನಾವ ಮಾಡಿದ್ವಲ್ಲ."

ಸಾವ್ಕಾರರು ಸಿಟ್ಟಾಗುತ್ತಾರೆಂದು ನಾನು ಕಾದೆ. ಸಿಟ್ಟಾಗಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಅವರು ನನ್ನ ಕಡೆ ತಿರುಗಿದರು.

"ಶಿರಸ್ತೇದಾರ್ರ, ನಿಮ್ಮ ನೆನಪು ಚಲೋ ಐತಿ. ಹೊಳಿ ಮಾತು ಮೊದಲ ಬಂದದ್ದು ಗದಗಿಗೆ ಹೋಗೂಕಿಂತ ಮೊದ್ಲೋ, ಹೋಗಿ ಬಂದಮ್ಯಾಲೋ?"

ಸಾಕ್ಷಿಕಟ್ಟೆಗೆ ಹತ್ತಿದ ಮಂದಿ "ನೆನಪಿಲ್ಲ" ಎನ್ನುವುದನ್ನು ನಾನು ಸಾವಿರ ಸಲ ಬರೆದುಕೊಂಡಿದ್ದೇನೆ. ಎಷ್ಟು ಸಲೀಸಾದ ಮಾತು. ಆದರೆ ಬಸ್ಸಿನಲ್ಲಿ ಆ ಹೊಳೆಗಾಗಿ ಹೆಂಡತಿಯೊಂದಿಗೆ ಜಗಳಾಡಿದವರು ಅವರೇ. ಅವರಿಗೆ ಗೊತ್ತಿತ್ತು. ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತು, ಅಷ್ಟೇ.

"ಮೊದ್ಲು," ಎಂದೆ.

"ಮೊದ್ಲು," ಎಂದು ಅವರು ತಲೆಯಾಡಿಸಿದರು. "ಹಂಗಾರ ಡಾಕ್ಟರ್ ಕೇಳಿದ ದಿನ ಆಕಿಗೆ ಅಕ್ಷರಾ ಕಾಣ್ತಿರಲಿಲ್ಲ."

ನೇಕಾರರು ಏನೋ ಸಮಾಧಾನ ಹೇಳಲು ಹೋದರು. "ಗಡ್ಡಿ ಅಂದ್ಮ್ಯಾಲ ಯಾರ ಕೈಯಾಗ ಏನೈತ್ರಿ ಸಾವ್ಕಾರ್ರ..." ಸಾವ್ಕಾರರು ಕೈ ಎತ್ತಿ ನಿಲ್ಲಿಸಿದರು. ಪೇಟೆಯಲ್ಲಿ ಸವಾಲು ಮುಗಿಯಿತು ಎನ್ನುವಾಗ ಅವರು ಎತ್ತುತ್ತಿದ್ದ ಅದೇ ಕೈ. "ಆ ಡಾಕ್ಟರ್ ಬಾಯಿಂದನ ಕೇಳ್ತೀನಿ. ನಾಳಿ ಗದಗಿಗೆ ಹೋಗ್ತೀನಿ. ಶಿರಸ್ತೇದಾರ್ರ, ಬರ್ತೀರಿ?"

ಹೋದೆವು. ಸರದಿಗೆ ಕಾಯ್ದೆವು. ಒಳಗೆ ಕಾಲಿಡುತ್ತಲೇ ಡಾಕ್ಟರು ಅವರನ್ನು ಗುರುತು ಹಿಡಿದರು. ದಿನಕ್ಕೆ ಎಷ್ಟೋ ಮಂದಿಯನ್ನು ನೋಡುವ ಮನುಷ್ಯ ಮರೆತಿರುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡಿದ್ದೆ.

"ಓಹೋ, ಬರ್ರಿ ಬರ್ರಿ! ಕಾದಂಬರಿ ಓದೂ ಅಕ್ಕಾರ ಯಜಮಾನ್ರು! ನಿಮ್ಮ ಮಾತು ನಮ್ಮ ಮನ್ಯಾಗೂ ಹೇಳೀನ್ರಿ ನಾ. ಹೆಂಗದಾರ ಅಕ್ಕಾರು? ಈಗ ಎಷ್ಟು ಬೆರಳು ಮುಂದ ಅದಾರ?"

ಸಾವ್ಕಾರರು ಕುರ್ಚಿಯಲ್ಲಿ ಕೂತರು. ಆಮೇಲೆ ಹುಬ್ಬಳ್ಳಿಯ ಕಾಗದಗಳನ್ನು ಮೇಜಿನ ಮೇಲೆ ಇಟ್ಟು, ಒಂದು ಶಬ್ದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ನಡೆದದ್ದನ್ನು ಹೇಳಿದರು. ಡಾಕ್ಟರರ ನಗು ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು.

"ಒಂದ ಮಾತು ಕೇಳಾಕ ಬಂದೀನ್ರಿ," ಎಂದರು ಸಾವ್ಕಾರರು. "ನಿಮ್ಮ ಮ್ಯಾಲ ನನಗೇನೂ ಇಲ್ಲ. ಅವತ್ತ ನಾ ಬಾಯಿ ಹಾಕದ, ಆಕಿ ಕಣ್ಣು ಮಂಜ್ ಆಗ್ತಾವ್ರಿ ಅಂದಿದ್ರ ನೀವು ಏನ್ ಮಾಡ್ತಿದ್ರಿ?"

ಡಾಕ್ಟರು ಕಾಗದ ತಿರುವಿದರು. ಮತ್ತೆ ತಿರುವಿದರು. ಸುಳ್ಳು ಹೇಳುವ ವಯಸ್ಸು ಅವರಿಗೆ ಇನ್ನೂ ಬಂದಿರಲಿಲ್ಲ. "ಅವತ್ತ ಸ್ಕ್ಯಾನಿಗೆ ಬರೀತಿದ್ದೆ ರಿ," ಎಂದರು.

"ಆಮ್ಯಾಲೆ?"

"ಆಮೇಲಿಂದು ಹೇಳಾಕ ಬರೂದಿಲ್ಲ. ಉಳೀತಿದ್ರು ಅಂತ ಹೇಳಾಕ ಬರೂದಿಲ್ಲ. ಇಲ್ಲ ಅಂತನೂ..." ನಿಲ್ಲಿಸಿ, ಮೇಜಿನ ಮೇಲಿನ ಪೆನ್ನನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟರು. "ನಾನೂ ಆಕೀನ್ನ ಇನ್ನೊಮ್ಮೆ ಕೇಳಬೇಕಾಗಿತ್ತು ರಿ."

"ನೀವು ಆಕೀನ್ನ ಕೇಳಿದ್ರಿ. ನಾ ಹೇಳಿದ್ನಿ," ಎಂದು ಸಾವ್ಕಾರರು ಎದ್ದರು. ಬಾಗಿಲಲ್ಲಿ ತಿರುಗಿ, ಮರ್ಯಾದೆಯಿಂದ ಕೈ ಮುಗಿದರು.

ಬಸ್ಸಿನಲ್ಲಿ ಈ ಸಲ ಕಿಡಕಿಯ ಹತ್ತಿರ ಅವರು ಕೂತರು, ಪಕ್ಕದಲ್ಲಿ ನಾನು. ಎರೆಹೊಲಗಳಲ್ಲಿ ಕಡಲೆ ಬಿತ್ತನೆ ನಡೆದಿತ್ತು. ಪೇಟೆಯ ಮನುಷ್ಯ, ಬೇರೆ ದಿನವಾಗಿದ್ದರೆ ಈ ವರ್ಷ ಪೇಟೆಗೆ ಬರುವ ಆವಕದ ಲೆಕ್ಕ ಹಾಕುತ್ತಿದ್ದರು. ಬಹಳ ದೂರ ಬಂದ ಮೇಲೆ ಮಾತಾಡಿದರು.

"ಆಕಿ ಯಾಕ ಹೇಳಲಿಲ್ಲ ಅನ್ನೂದು ಗೊತ್ತಾತ್ರಿ."

ನಾನು ಅವರ ಕಡೆ ತಿರುಗಿದೆ.

"ಭಾನುವಾರ ನನಗ ಒಯ್ಯಾಕ ಏನರ ಬೇಕಾಗಿತ್ತಲ್ಲ. ಶನಿವಾರ ಸಂಜಿಕ ನಾನ ಹೋಗಿ ಆಕಿ ಮುಂದ ಕುಂದರ್ತಿದ್ನಿ. ಹೇಳ ಏನರ, ಮಾಸ್ತರ್ರು ಕೇಳ್ತಾರ, ಶಿರಸ್ತೇದಾರ್ರು ಕೇಳ್ತಾರ ಅಂತ. ಒಂದ್ ವಾರ ಆಕಿ, ಈ ಸಲ ಏನೂ ಇಲ್ರಿ, ತಲಿ ಭಾಳ ನೋಯ್ತೈತಿ ಅಂದ್ಲು. ನನ್ನ ಮಾರಿ ಸಣ್ಣದಾತು ಅಂತ ಕಾಣ್ತೈತಿ. ಆವಾಗ ಹೊಳಿ ಶುರು ಮಾಡಿದ್ಲು."

ಅವರ ಬುಟ್ಟಿಯ ಮಾಲಿಗೆ ಕಾದು ಕೂರುತ್ತಿದ್ದ ಗಿರಾಕಿಗಳು ನಾವೇ. ಈ ವಾರ ವೈನಿ ಏನಂದರು ಎಂದು ಕೇಳದೆ ನಾವು ಚಹಾ ಮುಟ್ಟುತ್ತಿರಲಿಲ್ಲ. ಕುರುಡಾಗುತ್ತಿದ್ದ ಹೆಣ್ಣುಮಗಳು ಪ್ರತಿ ಮಧ್ಯಾಹ್ನ ಪುಸ್ತಕ ಬಿಚ್ಚಿಕೊಂಡು ಕೂತು, ಕಾಣದ ಪುಟಗಳನ್ನು ಬೆರಳಿನಿಂದ ಅಳೆದು ನೂಲನ್ನು ಮುಂದೆ ಸರಿಸಿ, ನಮ್ಮ ನಾಲ್ವರಿಗೆ ಒಂದು ವಾರದ ವಾದ ತಯಾರು ಮಾಡುತ್ತಿದ್ದರು. ಅದು ಪುಟ ಹೆಚ್ಚಿಸುವ ಹುನ್ನಾರ ಎಂದು ನಾನು ಅವರ ಎದುರೇ ಹೇಳಿದ್ದೆ.

ರೋಣ ಹತ್ತಿರ ಬಂದಂತೆ ಸಾವ್ಕಾರರು ಮತ್ತೆ ನನ್ನ ಕಡೆ ತಿರುಗಿದರು. ಅವರ ದನಿ ಈಗ ಬೈಠಕ್ಕಿನ ದನಿಯಂತೆ, ಸ್ವಲ್ಪ ವಾದದ ದನಿಯಂತೆ ಇತ್ತು.

"ಆಕಿ ಹೇಳಿದ್ದು ಪುಸ್ತಕದಾಗಿಂದಕ್ಕಿಂತ ಚಲೋ ಇತ್ರಿ. ಆ ಬರದವರು ಸಣ್ಣ ಸೊಸೀನ್ನ ಸುಮ್ನ ತವರಿಗೆ ಕಳಿಸಿ ಕೈ ತೊಳಕೊಂಡಾರ."

"ಭಾಳ ಚಲೋ ಇತ್ತು," ಎಂದೆ.

"ಆ ಹೆಣ್ಮಗಳು ಕಡೀಕ ಕೂಗಿದ್ಲೇನ್ರಿ? ನೀರು ಸೊಂಟಕ್ಕ ಬಂತು ಅಂದದ್ದ ಕಡೀ ಮಾತು. ಮುಂದಿಂದು ನಿಮಗೇನರ ಹೇಳಿದ್ಲೇನು, ಚಹಾ ಕೊಡೂ ಮುಂದ?"

"ಇಲ್ರಿ."

"ಮಾಸ್ತರಿಗೆ?"

"ಅವರಿಗೂ ಇಲ್ಲ. ಅವರಿಗೆ ಹೇಳಿದ್ರ ನಮಗ ತಿಳೀತಿತ್ತು."

"ಹಂಗಾರ ಯಾರಿಗೂ ಗೊತ್ತಿಲ್ಲ," ಎಂದು ಅವರು ಕಿಡಕಿಯ ಕಡೆ ಮುಖ ಮಾಡಿದರು.

ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು. ಮಂದಿ ಚೀಲ, ಬುಟ್ಟಿ ಹೊತ್ತು ಇಳಿದರು. ಅವರು ಏಳಲಿಲ್ಲ, ಹಾಗಾಗಿ ನಾನೂ ಏಳಲಿಲ್ಲ. ಕಂಡಕ್ಟರು ಹಿಂದಿನಿಂದ ಸೀಟುಗಳ ಮೇಲೆ ಕೈ ಬಡಿಯುತ್ತ ಬಂದು ನಮ್ಮ ಹತ್ತಿರ ನಿಂತ.

"ಯಜಮಾನ್ರ, ಇಳೀರಿ. ಇದು ಮುಂದ ಹೋಗೂದಿಲ್ಲ."